ಹತ್ತಿರದ ಕೈ

ಅಜ್ಜಿ ಹೋದದ್ದು ನಮಗಿಂತ ಮೊದಲು ಊರಿಗೆ ಗೊತ್ತಾಯಿತು. ಬೆಳಗಿನ ಆರಕ್ಕೆ ನಮ್ಮ ಬೀದಿಯ ತಿರುವಿನಲ್ಲಿ ಏರು ಹತ್ತುತ್ತಿದ್ದ ಹಾಲಿನ ವ್ಯಾನು ಒಮ್ಮೆ ಕೆಮ್ಮಿ, ಕುಲುಕಿ ನಿಂತುಬಿಟ್ಟಿತು. ಡ್ರೈವರ್ ಕೀಲಿ ತಿರುಗಿಸಿದ. ಟಕ್. ಇನ್ನೊಮ್ಮೆ ತಿರುಗಿಸಿದ. ಟಕ್, ಅಷ್ಟೇ. ಅವನು ಬೈಯಲಿಲ್ಲ, ಬಾನೆಟ್ ಎತ್ತಿ ನೋಡಲಿಲ್ಲ. ಕೆಳಗಿಳಿದು, ತಲೆಗೆ ಸುತ್ತಿದ್ದ ಟವೆಲ್ ಬಿಚ್ಚಿ ಹೆಗಲಿಗೆ ಹಾಕಿಕೊಂಡು, ಬೀದಿಯ ಆ ತುದಿಗೂ ಈ ತುದಿಗೂ ಕೇಳುವ ಹಾಗೆ ಕೂಗಿದ: "ಯಾರು ಹೋದರ್ರಪ್ಪಾ?" ಬಾಗಿಲುಗಳು ಒಂದೊಂದಾಗಿ ತೆರೆದವು. ಎಲ್ಲರೂ ಒಳಗೆ ತಿರುಗಿ ತಂತಮ್ಮ ಮನೆಯವರನ್ನು ಎಣಿಸಿಕೊಂಡು ಬಂದು "ನಮ್ಮಲ್ಲಿಲ್ಲ, ನಮ್ಮಲ್ಲಿಲ್ಲ" ಎಂದರು. ನಾನೂ ಹೊಸಿಲ ಮೇಲೆ ನಿಂತು "ನಮ್ಮಲ್ಲೂ ಇಲ್ಲ" ಎಂದೆ. ಅಂದ ಮೇಲೆ ಒಳಗೆ ಹೋಗಿ ನೋಡಿದೆ.

ನಮ್ಮೂರು ಬಂಡೆಯ ಮೇಲೆ ಕೂತ ಊರು. ಬಾವಿ ತೋಡಲು ಹೋದವರ ಹಾರೆಗಳು ಬಾಗಿದವೇ ಹೊರತು ನೀರು ಬರಲಿಲ್ಲ. ಕೆಳಗಿನ ಕೆರೆಯಿಂದ ಟ್ಯಾಂಕರು ದಿನಕ್ಕೆ ಆರು ಸಲ ಮೇಲಕ್ಕೆ ಬಂದರೆ ಮಾತ್ರ ಊರಿನ ಒಲೆಗಳ ಮೇಲೆ ಪಾತ್ರೆಗಳು ಕೂರುತ್ತವೆ. ಅಂಥ ಊರಿನಲ್ಲಿ ಯಾರಾದರೂ ಕಣ್ಣು ಮುಚ್ಚಿದರೆ ಎಲ್ಲ ಗಾಡಿಗಳೂ ಹಿಡಿದುಕೊಳ್ಳುತ್ತವೆ. ಬಸ್ಸು, ಲಾರಿ, ಆಟೋ, ಮೊಪೆಡ್ಡು, ಯಾವುದೂ ಇದಕ್ಕೆ ಹೊರತಲ್ಲ. ಹೊರಗಿನಿಂದ ಬಂದ ಗಾಡಿಯಾದರೂ ಗಡಿಯ ಊರಗಲ್ಲು ದಾಟಿದ್ದರೆ ಅದರ ಪಾಡೂ ಅಷ್ಟೇ. ಅದಕ್ಕೇ ಲಾರಿಯವರು ಊರಗಲ್ಲಿನ ಪಕ್ಕದ ಚಹದ ಅಂಗಡಿಯಲ್ಲಿ ನಿಲ್ಲಿಸಿ, ಚಹ ಕೇಳುವುದಕ್ಕಿಂತ ಮೊದಲು "ಮೇಲೆ ಯಾರಾದ್ರೂ ಮಲಗಿದ್ದಾರೇನ್ರೀ?" ಎಂದು ಕೇಳುತ್ತಾರೆ. ಯಾರದೋ ಉಸಿರು ಎಳೆಯುತ್ತಿದೆ ಎಂದು ಗೊತ್ತಾದರೆ ಮದುವೆಗೆ ಹೋಗುವವರು, ಪರೀಕ್ಷೆಗೆ ಹೋಗುವವರು ಹಿಂದಿನ ದಿನವೇ ಬಸ್ಸು ಹತ್ತಿ ಕೆಳಗಿಳಿಯುತ್ತಾರೆ. ಹೊರಡುವ ಮುಂಚೆ ಆ ಮನೆಗೆ ಹೋಗಿ ಮಾತಾಡಿಸಿಯೇ ಹೋಗುತ್ತಾರೆ. ಅದರಲ್ಲಿ ಮುಚ್ಚುಮರೆ ಏನೂ ಇಲ್ಲ.

ಹಿಡಿದುಕೊಂಡ ಗಾಡಿಯನ್ನು ಬಿಡಿಸುವುದು ಸುತ್ತಿಗೆಯಿಂದ. ಬೇರೆ ಊರುಗಳಲ್ಲೂ ಹಾಗೆ ಬಿಡಿಸುತ್ತಾರಂತೆ, ಯಾವ ಮೆಕ್ಯಾನಿಕ್ಕಾದರೂ ಸರಿಯಂತೆ. ನಮ್ಮಲ್ಲಿ ಮಾತ್ರ ಸಾವಿನ ದಿನ ಒಂದೇ ಒಂದು ಕೈಗೆ ಅದು ಬಿಡುತ್ತದೆ. ಹೋದವರು ಯಾರೊಳಗೆ ಎಲ್ಲರಿಗಿಂತ ಹೆಚ್ಚು ಉಳಿದುಕೊಂಡಿದ್ದಾರೋ ಅವರ ಕೈ. ಊರಿನವರು ಅದನ್ನು ಹತ್ತಿರದ ಕೈ ಎನ್ನುತ್ತಾರೆ. ಸಾಮಾನ್ಯವಾಗಿ ಹೆಂಡತಿಯದೋ ಗಂಡನದೋ ಮಗನದೋ ಆಗಿರುತ್ತದೆ, ಮಣ್ಣು ಮಾಡಿ ಬಂದ ಅರ್ಧ ತಾಸಿಗೆ ಮೊದಲ ಗಾಡಿ ಹೊರಡುತ್ತದೆ. ಆದರೆ ಎಲ್ಲ ಸಲವೂ ಹಾಗಾಗುವುದಿಲ್ಲ. ಮೂರು ಅಂತಸ್ತಿನ ಮನೆಯ ಯಜಮಾನರು ಹೋದಾಗ ನಾಲ್ಕು ಗಂಡುಮಕ್ಕಳು ಸರದಿಯಲ್ಲಿ ಹೊಡೆದು ಬೆವರಿದರೂ ಆಗದೆ, ಕೊನೆಗೆ ದಿನಾ ಬೆಳಿಗ್ಗೆ ಅವರಿಗೆ ಗಡ್ಡ ಹೆರೆಯುತ್ತಿದ್ದವನ ಕೈಗೆ ಟ್ಯಾಂಕರು ಗುರ್ರೆಂದಿತ್ತು. ಅದಕ್ಕೇ ಎರಡು ಕಟ್ಟಳೆಗಳು ಹುಟ್ಟಿಕೊಂಡಿವೆ. ಯಾರ ಕೈಗೆ ಬಿಟ್ಟಿತು ಎಂಬ ಮಾತನ್ನು ಮೂರು ದಿನ ಕಳೆದ ಮೇಲೆ ಯಾರೂ ಬಾಯಿಗೆ ತರಬಾರದು. ಮತ್ತೆ, ಸುತ್ತಿಗೆಯನ್ನು ಯಾರೂ ಕೇಳಿ ತೆಗೆದುಕೊಳ್ಳಬಾರದು. ಗ್ಯಾರೇಜಿನ ಇಮಾಂಸಾಬ್ ಮೇಸ್ತ್ರಿಯೇ ಕೊಡಬೇಕು, ಕೊಟ್ಟರೆ ಹಿಡಿಯಬೇಕು.

ಅಜ್ಜಿಯ ಸುತ್ತಿಗೆ ನನಗೇ ಎಂಬುದರಲ್ಲಿ ನನಗೆ ಅನುಮಾನವೇ ಇರಲಿಲ್ಲ. ಆಗ ನನಗೆ ಹತ್ತೊಂಬತ್ತು. ಹುಟ್ಟಿದಾಗಿನಿಂದ ಅಜ್ಜಿಯ ಮಗ್ಗುಲಲ್ಲೇ ಮಲಗಿದವಳು ನಾನು, ಅವಳ ಕತೆಗಳನ್ನು ಕೇಳಿಕೊಂಡೇ ಉದ್ದವಾದವಳು. ಶಾಲೆಯಲ್ಲಿ ಟೀಚರು ಪ್ರಶ್ನೆ ಕೇಳಿದರೆ ನಾನು ಯಾವುದೋ ಅರಮನೆಯ ಮೆಟ್ಟಿಲ ಮೇಲಿರುತ್ತಿದ್ದೆ. ಅಜ್ಜಿಯೇ ಎಷ್ಟೋ ಸಲ ನನ್ನ ಬೆರಳು ಸವರುತ್ತಾ ಹೇಳಿದ್ದಳು: "ಇಂದೂ, ನನ್ನ ದಿನ ನಿನ್ನ ಈ ಕೈಗೇ ಕಣೇ ಗಾಡಿ ಬಿಡೋದು. ನಿಮ್ಮಪ್ಪನ ಕೈ ಎಲ್ಲಿ, ಅವನು ಊಟಕ್ಕೆ ಕೂತಾಗಲೂ ನನ್ನ ಮುಖ ನೋಡಲ್ಲ."

ಅಮ್ಮನ ಹೆಸರು ಆ ಮಾತಿನಲ್ಲಿ ಬರುತ್ತಲೇ ಇರಲಿಲ್ಲ. ಅಮ್ಮ ಮತ್ತು ಅಜ್ಜಿ ಮಾತು ಬಿಟ್ಟು ಹನ್ನೊಂದು ವರ್ಷವಾಗಿತ್ತು. ಯಾವುದೋ ಹಬ್ಬದ ದಿನ ಹೂರಣದ ವಿಷಯಕ್ಕೆ ಶುರುವಾದದ್ದು, ಹೂರಣ ಗಟ್ಟಿಯಾಗಿತ್ತೋ ತೆಳ್ಳಗಾಗಿತ್ತೋ ಎಂಬುದು ಈಗ ಇಬ್ಬರಿಗೂ ನೆನಪಿರಲಿಲ್ಲ. ಒಂದೇ ಗೋಡೆಯ ಈಚೆ ಅಡುಗೆಮನೆ, ಆಚೆ ಅಜ್ಜಿಯ ಕೋಣೆ. ನಡುವೆ ಓಡಾಡುವ ಟಪಾಲು ನಾನು. "ನಿಮ್ಮಮ್ಮಂಗೆ ಹೇಳೇ, ಸಾರಿಗೆ ಹುಣಸೆಹಣ್ಣು ಕಿವುಚಿದ್ದಾಳೋ, ಇಲ್ಲಾ ಬರೀ ತೋರಿಸಿದ್ದಾಳೋ ಅಂತ." "ನಿಮ್ಮಜ್ಜಿಗೆ ಹೇಳು, ಹುಳಿ ತಿಂದ್ರೆ ಕೀಲು ಹಿಡಿಯುತ್ತೆ ಅಂತ ಡಾಕ್ಟ್ರು ಹೇಳಿದ್ದನ್ನ ಮರೆತುಬಿಟ್ರಾ ಅಂತ." ನಾನು ಎರಡೂ ಕಡೆ ಸ್ವಲ್ಪ ಸಕ್ಕರೆ ಹಾಕಿ ಒಪ್ಪಿಸುತ್ತಿದ್ದೆ. ಇಡೀ ಬೀದಿಗೆ ಈ ವಿಷಯ ಗೊತ್ತಿತ್ತು. ಪಕ್ಕದ ಮನೆಯ ರಾಚಮ್ಮ ನನ್ನನ್ನು "ಏನೇ ವಕೀಲಮ್ಮ, ಇವತ್ತು ಯಾರ ಕಡೆ?" ಎಂದು ಕೆಣಕುತ್ತಿದ್ದಳು.

ಮಧ್ಯಾಹ್ನದ ಹೊತ್ತಿಗೆ ಅಜ್ಜಿಯನ್ನು ಹೊತ್ತುಕೊಂಡು ಹೋಗಿ ಮಣ್ಣು ಮಾಡಿ ಬಂದೆವು. ನಮ್ಮಲ್ಲಿ ಹೆಂಗಸರೂ ಹೋಗುತ್ತಾರೆ, ಯಾರ ಕೈಗೆ ಸುತ್ತಿಗೆ ಹೋಗುತ್ತದೋ ಹೇಳಲಾಗುವುದಿಲ್ಲವಲ್ಲ. ಅಮ್ಮ ಮಾತ್ರ ಹಿಂದೆಯೇ ಉಳಿದಳು. ಬಂದವರಿಗೆಲ್ಲ ಅಡುಗೆಯಾಗಬೇಕಿತ್ತು. ಮಣ್ಣಿನಿಂದ ನೇರ ನೀರಿನ ಟ್ಯಾಂಕರಿನ ಹತ್ತಿರ ಬಂದೆವು. ಮೊದಲ ಏಟು ಯಾವಾಗಲೂ ಟ್ಯಾಂಕರಿಗೇ. ಇಮಾಂಸಾಬ್ ಕಾಯುತ್ತಾ ನಿಂತಿದ್ದ. ಎಪ್ಪತ್ತರ ಮುದುಕ, ಬೆರಳ ಸಂದುಗಳಲ್ಲಿ ಎಂದೂ ಹೋಗದ ಗ್ರೀಸು. ಅವನ ಮುಂದೆ ಹಿತ್ತಾಳೆಯ ತಟ್ಟೆಯಲ್ಲಿ ಮೂರು ಸುತ್ತಿಗೆಗಳು. ದೊಡ್ಡ ಎಂಜಿನ್ನುಗಳಿಗೆ ಕಬ್ಬಿಣದ್ದು, ಗಾಡಿಯ ಟ್ಯಾಂಕಿನಿಂದ ಪೆಟ್ರೋಲ್ ಎಳೆಯುವ ಪಂಪಿಗೆ ಮರದ್ದು, ಮೊಪೆಡ್ಡಿನ ಕಾರ್ಬುರೇಟರಿಗೆ ಅಂಗೈಯಲ್ಲಿ ಹಿಡಿಯುವಷ್ಟು ಪುಟ್ಟದು.

"ಚನ್ನವೀರಪ್ಪ, ಬಾ," ಎಂದು ಅಪ್ಪನಿಗೆ ಕಬ್ಬಿಣದ ಸುತ್ತಿಗೆ ಕೊಟ್ಟ. ಟ್ಯಾಂಕರಿನ ಡ್ರೈವರ್ ತಿಪ್ಪೇಶಿ ಮೇಲೆ ಹತ್ತಿ ಕೂತು ಕೀಲಿ ಹಿಡಿದ. ಅಪ್ಪ ಗಾಡಿಯ ಕೆಳಗೆ ತೆವಳಿದರು. ಇಮಾಂಸಾಬ್ ಪಕ್ಕದಲ್ಲೇ ಕುಕ್ಕರುಗಾಲಲ್ಲಿ ಕೂತು, ನೂರಾರು ಸಲ ಹೇಳಿದ್ದನ್ನೇ ಹೇಳಿದ: "ಅಕೋ ಅಲ್ಲಿ, ಎಂಜಿನ್ನಿನ ಮಗ್ಗುಲಿಗೆ ಅಂಟ್ಕೊಂಡು ಮಲಗಿದೆಯಲ್ಲ, ಅದೇ ಸ್ಟಾರ್ಟರ್ ಮೋಟ್ರು. ಒಳಗಡೆ ಬ್ರಷ್ ಅಂತ ಇದ್ದಿಲಿನ ತುಂಡು ಇರ್ತವೆ, ಅವು ಹಿಡ್ಕೊಂಡಿವೆ. ಮನೆ ಬಾಗಿಲು ತಟ್ಟಿ ಒಳಗಿದ್ದೋರನ್ನ ಎಬ್ಬಿಸ್ತೀವಲ್ಲ, ಹಂಗೆ. ಬಾಗಿಲು ಮುರಿಯೋ ಹಂಗಲ್ಲ. ಜೋರಾಗಿ ಹೊಡೆದ್ರೆ ಒಳಗಿನ ಮ್ಯಾಗ್ನೆಟ್ಟು ಸೀಳಿಹೋಗುತ್ತೆ, ಆಮೇಲೆ ಯಾರ ಕೈಯೂ ಬೇಡ. ಮೂರು ಸಣ್ಣ ಏಟು, ತಿಪ್ಪೇಶಿ ಕೀಲಿ ತಿರುಗಿಸ್ತಾನೆ, ತಿರುಗಿಸೋವಾಗ ಇನ್ನೊಂದು."

ಟಣ್, ಟಣ್, ಟಣ್. ಕೀಲಿ. ಟಣ್. ಟಕ್ ಎಂದದ್ದಷ್ಟೇ. ಅಪ್ಪ ಮೂರು ಸಲ ಪ್ರಯತ್ನಿಸಿ ಹೊರಗೆ ಬಂದಾಗ ಅವರ ಮುಖದಲ್ಲಿ ಮಣ್ಣಿತ್ತು, ಅದರ ಮೇಲೆ ಎರಡು ಒದ್ದೆ ಗೆರೆಗಳಿದ್ದವು. "ಅಳು ಬಂತಪ್ಪ ನಂಗೆ. ಬಂದ್ರೂ ಬಿಡಲಿಲ್ಲವಲ್ಲ," ಎಂದರು, ಯಾರಿಗೋ ವಿವರಣೆ ಕೊಡುವ ಹಾಗೆ. ಆಮೇಲೆ ಇಮಾಂಸಾಬ್ ಸುತ್ತಿಗೆಯನ್ನು ಸೋದರತ್ತೆ ಶಿವಲೀಲಾಳಿಗೆ ಕೊಟ್ಟ. ಅತ್ತೆ ಗಾಡಿಯ ಕೆಳಗೇ ಮಲಗಿ "ಅವ್ವಾ" ಎಂದು ಒಂದು ರಾಗ ತೆಗೆದು, ಹೊಡೆದು, ಗಾಡಿ ಬಿಡದೆ, ಎದ್ದು ಬಂದು ಸೆರಗಲ್ಲಿ ಮುಖ ಮುಚ್ಚಿಕೊಂಡಳು.

ನನ್ನ ಸರದಿ ಬಂತು. ಸುಳ್ಳು ಹೇಳಬಾರದು, ನನಗೆ ಒಳಗೊಳಗೇ ಹಿಗ್ಗಾಯಿತು. ಅವರಿಬ್ಬರಿಗೂ ಬಿಡದೇ ಇದ್ದದ್ದು ಎಷ್ಟು ಚೆನ್ನಾಯಿತು ಅನ್ನಿಸಿತು. ಕತೆಯಲ್ಲಿ ಮೊದಲು ಇಬ್ಬರು ಸೋಲಲೇಬೇಕಲ್ಲ, ಮೂರನೆಯವಳು ನಾನು. ಸುತ್ತಿಗೆಯ ಹಿಡಿ ಅತ್ತೆಯ ಬೆವರಿನಿಂದ ಇನ್ನೂ ಬೆಚ್ಚಗಿತ್ತು. ಕೆಳಗೆ ತೆವಳಿ ಅಂಗಾತ ಮಲಗಿದಾಗ ಗಾಡಿಯ ಹೊಟ್ಟೆಯೇ ನನಗೆ ಆಕಾಶವಾಯಿತು, ಎಣ್ಣೆಯ ಹನಿಗಳು ಚುಕ್ಕಿಗಳಾದವು. ಟ್ಯಾಂಕರು ಗುರ್ರೆನ್ನುವುದು, ಕೊಡ ಹಿಡಿದ ಹೆಂಗಸರು ನನ್ನನ್ನು ಎತ್ತಿ ನಿಲ್ಲಿಸುವುದು, "ಮೊಮ್ಮಗಳು ಅಂದ್ರೆ ಹಿಂಗಿರಬೇಕು" ಎನ್ನುವುದು ಎಲ್ಲವೂ ಕಣ್ಣ ಮುಂದೆ ನಡೆದುಹೋಯಿತು. ಅಷ್ಟು ನಡೆದ ಮೇಲೆ ಹೊಡೆದೆ.

ಟಕ್.

ಇನ್ನೊಮ್ಮೆ ಹೊಡೆದೆ. ಮೂರನೆಯ ಸಲ ಕೈ ತಪ್ಪಿ ಜೋರಾಗಿ ಬಿತ್ತು. "ಏ ಏ, ನಿಧಾನ ಮಗಳೇ, ಅದು ಏನು ಮಾಡಿದೆ ನಿಂಗೆ?" ಎಂದ ಇಮಾಂಸಾಬ್. ನನ್ನ ಕಾಲುಗಳು ಗಾಡಿಯ ಹೊರಗೆ, ಊರಿನ ಮುಂದೆ ಚಾಚಿಕೊಂಡಿದ್ದವು. ನನಗೆ ಹೊರಗೆ ಬರುವುದೇ ಬೇಡವಾಯಿತು. ಕೊನೆಗೆ ಅಪ್ಪ ನನ್ನ ಪಾದ ಮುಟ್ಟಿ ಮೆಲ್ಲಗೆ ಅಲ್ಲಾಡಿಸಿದರು. ಹೊರಗೆ ಬಂದಾಗ ಯಾರೂ ಏನೂ ಅನ್ನಲಿಲ್ಲ. ಅನ್ನದೇ ಇರುವುದರಲ್ಲಿ ನಮ್ಮೂರಿನವರು ಪಳಗಿದವರು. ರಾಚಮ್ಮ ಮಾತ್ರ ನನ್ನ ಬೆನ್ನಿನ ಧೂಳು ಕೊಡವುತ್ತಾ "ಇರ್ಲಿ ಬಾ ವಕೀಲಮ್ಮ" ಎಂದಳು. ಆ ಮಾತಿಗೆ ನನಗೆ ಅಳು ಬಂತು. ಅದು ಅಜ್ಜಿಗಾಗಿ ಬಂದ ಅಳುವಲ್ಲ ಎಂದು ನನಗೆ ಆಗಲೇ ಗೊತ್ತಿತ್ತು.

ಸಂಜೆಯವರೆಗೆ ಸುತ್ತಿಗೆ ಒಬ್ಬರಿಂದೊಬ್ಬರಿಗೆ ಹೋಯಿತು. ಅಜ್ಜಿಯ ತಮ್ಮ, ಅವರ ಮಕ್ಕಳು, ಅಜ್ಜಿಯ ಜೊತೆ ಕಟ್ಟೆಯ ಮೇಲೆ ಕೂರುತ್ತಿದ್ದ ಇಬ್ಬರು ಮುದುಕಿಯರು. ಅವರನ್ನು ಕೆಳಗೆ ತೂರಿಸಿ ಮತ್ತೆ ಎಳೆದು ತೆಗೆಯುವುದೇ ಒಂದು ಕೆಲಸವಾಯಿತು. ರಾಚಮ್ಮ ಹೊಡೆದಳು. ವೀಳ್ಯದೆಲೆ ಮಾರುವವನು ಹೊಡೆದ. "ನಂಗೆ ಬಿಡುತ್ತೆ ಅಂತ ಅಲ್ಲ, ಮೇಸ್ತ್ರಿ ಕೊಟ್ಟ ಮೇಲೆ ಬೇಡ ಅನ್ನಂಗಿಲ್ಲವಲ್ಲ," ಎಂದ. ಯಾರೋ ಹಿಂದಿನಿಂದ "ಬೆಕ್ಕಿಗೆ ಕೊಟ್ಟು ನೋಡ್ರಪ್ಪ, ಮುದುಕಿ ಅದಕ್ಕೆ ದಿನಾ ಹಾಲು ಹಾಕ್ತಿತ್ತು" ಎಂದರು. ನಗು ಬಂದವರೂ ನಗಲಿಲ್ಲ. ನಿಂತ ಹಾಲಿನ ವ್ಯಾನಿನಲ್ಲಿ ಹಾಲು ಒಡೆದ ವಾಸನೆ ಬೀದಿಗೆ ಹಬ್ಬಿತ್ತು.

ಮರುದಿನ ಬೆಳಿಗ್ಗೆ ಪಂಚಾಯಿತಿಯ ತೊಟ್ಟಿಯ ತಳದ ನೀರನ್ನು ಮನೆಗೊಂದು ಕೊಡದಂತೆ ಹಂಚಿದರು. ಕಾಲ್ನಡಿಗೆಯಲ್ಲಿ ಕೆರೆಗೆ ಇಳಿದು ಹತ್ತಿ ಬರಲು ಅರ್ಧ ದಿನ ಬೇಕು. ಗಟ್ಟಿಯಿದ್ದವರು ಬೆಳಕು ಹರಿಯುವ ಮುಂಚೆಯೇ ಹೊರಟಿದ್ದರು. ಬಾಣಂತಿಯಿದ್ದ ಮನೆಗೆ ಎರಡು ಕೊಡ ಕೊಟ್ಟದ್ದಕ್ಕೆ ಇನ್ನೊಬ್ಬಳು ಜಗಳ ತೆಗೆದಳು, ಆಮೇಲೆ ತನ್ನ ಪಾಲಿನಿಂದಲೇ ಒಂದು ತಂಬಿಗೆ ಆ ಮನೆಗೆ ಸುರಿದು ಹೋದಳು. ತಿಪ್ಪೇಶಿ ನನ್ನನ್ನು ಹುಡುಕಿಕೊಂಡು ಬಂದ. "ಇಂದವ್ವಾ, ಮೇಸ್ತ್ರಿ ಯೋಚನೆ ಮಾಡ್ಯಾನೆ. ಹತ್ತು ಗಂಟೆಗೆ ನಿಂಗೇ ಇನ್ನೊಂದು ಸಲ ಕೊಡ್ತಾನಂತೆ. ನಿನ್ನೆ ಗಾಬರೀಲಿ ಹೊಡೆದೆ ನೀನು. ಇವತ್ತು ಮನಸ್ಸಿಟ್ಟು ಹೊಡಿ. ನಿಂಗಲ್ಲದೆ ಇನ್ಯಾರಿಗೆ ಬಿಡುತ್ತೆ ಹೇಳು?" ಮುಳುಗುವವಳಿಗೆ ಹಗ್ಗ ಸಿಕ್ಕ ಹಾಗಾಯಿತು ನನಗೆ. ಹೌದು, ಗಾಬರಿ, ಅಷ್ಟೇ. ಮುಖ ತೊಳೆದುಕೊಂಡು ಹೋಗೋಣವೆಂದು ಮನೆಗೆ ಬಂದೆ.

ನಡುಮನೆಯಲ್ಲಿ ಯಾರೂ ಇರಲಿಲ್ಲ. ಅಡುಗೆಮನೆಯಿಂದ ಸದ್ದು ಬರುತ್ತಿತ್ತು. ಟಕ, ಟಕ, ಟಕ. ಸ್ವಲ್ಪ ತಡೆದು, ಟಕ. ನಾನು ಹುಟ್ಟಿದಾಗಿನಿಂದ ಕೇಳಿದ ಸದ್ದು, ಹಾಗಾಗಿ ಎಂದೂ ಕಿವಿಗೇ ಬೀಳದ ಸದ್ದು. ಬಾಗಿಲಲ್ಲಿ ನಿಂತು ನೋಡಿದೆ. ಅಮ್ಮ ನನಗೆ ಬೆನ್ನು ಹಾಕಿ ನೆಲದ ಮೇಲೆ ಕೂತಿದ್ದಳು. ಕಾಲುಗಳ ನಡುವೆ ಪುಟ್ಟ ಕುಟ್ಟಾಣಿ. ಹಲ್ಲಿಲ್ಲದ ಅಜ್ಜಿಗೆ ಎಲೆ ಅಡಿಕೆಯನ್ನು ಅದರಲ್ಲಿ ಕುಟ್ಟಿ ಕೊಡಬೇಕಿತ್ತು. ಜೋರಾಗಿ ಕುಟ್ಟಿದರೆ ಎಲೆ ರಸ ಬಿಟ್ಟು ಕಹಿಯಾಗುತ್ತದೆ, ಮೆಲ್ಲಗೆ ಕುಟ್ಟಿದರೆ ಅಡಿಕೆಯ ಚೂರು ವಸಡಿಗೆ ಚುಚ್ಚುತ್ತದೆ. ಹನ್ನೊಂದು ವರ್ಷದಲ್ಲಿ ಒಂದು ದಿನವೂ ಅಜ್ಜಿ ಆ ಎಲೆಯ ಬಗ್ಗೆ ದೂರು ಹೇಳಿ ಕಳಿಸಿರಲಿಲ್ಲ. ಸಾರು, ಪಲ್ಯ, ಮುದ್ದೆ ಎಲ್ಲದಕ್ಕೂ ಹೇಳಿದ್ದಾಳೆ. ಇದಕ್ಕೆ ಇಲ್ಲ.

ಅಮ್ಮ ಕುಟ್ಟಿ ಮುಗಿಸಿದಳು. ಬೆರಳಿನಿಂದ ಮುಟ್ಟಿ ನೋಡಿದಳು, ಚಿಟಿಕೆ ಸುಣ್ಣ ಸೇರಿಸಿ ಇನ್ನೊಂದೆರಡು ಏಟು ಹಾಕಿದಳು, ಚಮಚಕ್ಕೆ ತೆಗೆದಳು. ತಿರುಗದೆಯೇ, ಬಾಗಿಲಲ್ಲಿ ನಾನಿದ್ದೇನೆಂದು ಹೆಜ್ಜೆಯಿಂದಲೇ ತಿಳಿದು, ಚಮಚವನ್ನು ಹಿಂದಕ್ಕೆ ಚಾಚಿ "ತಗೊಂಡು ಹೋಗು" ಎಂದಳು.

ನಾನು ಕೈ ಚಾಚಿದೆ, ತೆಗೆದುಕೊಂಡೂ ಬಿಟ್ಟೆ. ಆಮೇಲೆ ಇಬ್ಬರಿಗೂ ಗೊತ್ತಾಯಿತು. ಅಮ್ಮನ ಖಾಲಿ ಕೈ ಗಾಳಿಯಲ್ಲೇ ನಿಂತಿತು. ಅದನ್ನು ಹೇಗೆ ಹಿಂದಕ್ಕೆ ತೆಗೆದುಕೊಳ್ಳಬೇಕೆಂದು ಅವಳಿಗೆ ತಿಳಿಯದ ಹಾಗೆ ಸುಮಾರು ಹೊತ್ತು ನಿಂತೇ ಇತ್ತು. ಅವಳು ತಿರುಗಲಿಲ್ಲ. ನಾನು ಅವಳ ಮುಖ ನೋಡಲಿಲ್ಲ, ಕುತ್ತಿಗೆಯ ಹಿಂಭಾಗವನ್ನಷ್ಟೇ ನೋಡಿದೆ.

ಹತ್ತು ಗಂಟೆಗೆ ಇನ್ನೂ ಅರ್ಧ ತಾಸಿತ್ತು. ನಾನು ಹಿತ್ತಿಲ ಕಟ್ಟೆಯ ಮೇಲೆ ಚಮಚ ಹಿಡಿದು ಕೂತೆ. ಸುಮ್ಮನಿದ್ದುಬಿಡಬಹುದಿತ್ತು. ಇನ್ನೊಂದು ಸಲ ನನಗೇ ಸಿಗುತ್ತಿತ್ತು, ಯಾರಿಗೆ ಗೊತ್ತು, ಈ ಸಲ ಬಿಡಬಹುದಿತ್ತು. ಬಿಡದಿದ್ದರೂ ಇನ್ನೊಂದು, ಮತ್ತೊಂದು ಸಲ ಅಂತ ನಡೆಯುತ್ತಿತ್ತು, ಏಕೆಂದರೆ ಊರಿಗೆ ನನ್ನನ್ನು ಬಿಟ್ಟು ಬೇರೆ ಯಾರೂ ತೋಚುತ್ತಿರಲಿಲ್ಲ. ಅಮ್ಮ ಕೇಳುವ ಹಾಗಿರಲಿಲ್ಲ, ಕಟ್ಟಳೆಯೇ ಹಾಗಿದೆ. ಮಾತೇ ಬಿಟ್ಟ ಸೊಸೆಗೆ ಸುತ್ತಿಗೆ ಕೊಡಬೇಕೆಂದು ಯಾವ ಮೇಸ್ತ್ರಿಗೆ ಹೊಳೆದೀತು? ನಾನು ಹೇಳಿದರೆ ಮಾತ್ರ. ಹೇಳಿದರೆ, ಅಜ್ಜಿ ನನ್ನ ಬೆರಳು ಸವರುತ್ತಾ ಹೇಳಿದ್ದೆಲ್ಲ ಮಗುವನ್ನು ಮಲಗಿಸುವ ಮಾತಾಗಿತ್ತು ಎಂದು ನಾನೇ ಊರಿಗೆ ಸಾರಿದ ಹಾಗೆ. ಆ ಅರ್ಧ ತಾಸಿನಲ್ಲಿ ನಾನು ಎಷ್ಟು ಸಣ್ಣವಳಾಗಿದ್ದೆನೆಂದು ಈಗಲೂ ಯಾರಿಗೂ ಹೇಳಿಲ್ಲ. ಪಕ್ಕದ ಹಿತ್ತಿಲಿನಲ್ಲಿ ರಾಚಮ್ಮ ಒಂದು ತಂಬಿಗೆ ನೀರಿನಲ್ಲಿ ಇಬ್ಬರು ಮೊಮ್ಮಕ್ಕಳ ಮುಖ ತೊಳೆಸುತ್ತಿದ್ದಳು. ಮೊದಲನೆಯವನ ಮುಖದಿಂದ ಇಳಿದ ನೀರನ್ನು ಬೋಗುಣಿಯಲ್ಲಿ ಹಿಡಿದು ಎರಡನೆಯವನಿಗೆ ಬಳಸಿದಳು. ನಾನು ಎದ್ದು ಗ್ಯಾರೇಜಿಗೆ ಹೋದೆ.

ಇಮಾಂಸಾಬ್ ನನ್ನ ಮಾತನ್ನು ಪೂರ್ತಿ ಕೇಳಿದ. "ನಿಮ್ಮಮ್ಮಂಗಾ?" ಎಂದ. ಆಮೇಲೆ ತನ್ನ ಕೈಗಳನ್ನು ತಾನೇ ನೋಡಿಕೊಂಡ. "ನಲವತ್ತು ವರ್ಷದಿಂದ ಹಂಚ್ತಾ ಇದ್ದೀನಿ ಇದನ್ನ. ನನ್ನ ಕಣ್ಣಿಗೆ ಬೀಳಲಿಲ್ಲ ನೋಡು." ತಟ್ಟೆ ಎತ್ತಿಕೊಂಡು ನನ್ನ ಹಿಂದೆಯೇ ಬಂದ. ಸುತ್ತಿಗೆಯನ್ನು ಮನೆ ಬಾಗಿಲಿಗೆ ತರುವುದು ನಮ್ಮೂರಲ್ಲಿ ಅದೇ ಮೊದಲು.

ಅಮ್ಮ ಹೊಸಿಲ ಒಳಗೇ ನಿಂತಳು. "ನನಗೆ ಬೇಡ ಮೇಸ್ತ್ರಿ. ಬಿಟ್ಟರೆ ಒಂದು ಕಷ್ಟ, ಬಿಡದಿದ್ದರೆ ಇನ್ನೊಂದು."

"ಬಿಟ್ಟರೆ ಏನು ಕಷ್ಟಾನಮ್ಮ?"

"ಹನ್ನೊಂದು ವರ್ಷ ಯಾಕೆ ಮಾತಾಡಲಿಲ್ಲ ಅಂತ ಯಾರಿಗೆ ಲೆಕ್ಕ ಒಪ್ಪಿಸ್ಲಿ ಆಮೇಲೆ?" ಅಮ್ಮನ ದನಿ ಗಟ್ಟಿಯಾಗಿಯೇ ಇತ್ತು. "ಬಿಡದಿದ್ದರೆ ಇಷ್ಟೇ ಅಂತ ಆಯ್ತು. ಹೆಂಗೂ ಊರು ಅಂದ್ಕೊಂಡಿರೋದೂ ಅದೇ."

ಅಪ್ಪ ನಡುಮನೆಯಲ್ಲಿ ತಲೆ ತಗ್ಗಿಸಿ ಕೂತಿದ್ದರು. ಇಮಾಂಸಾಬ್ ತಟ್ಟೆಯನ್ನು ಹೊಸಿಲ ಮೇಲಿಟ್ಟ. "ಕೊಟ್ಟಿದ್ದೀನಿ ತಾಯಿ. ಹಿಡಿಯೋದು ಬಿಡೋದು ಇನ್ನು ನಿಂದು. ನಾನು ಟ್ಯಾಂಕರ್ ಹತ್ರ ಕೂತಿರ್ತೀನಿ." ಅವನು ಹೋದ ಮೇಲೆ ಅಮ್ಮ ನನ್ನ ಕಡೆ ನೋಡಿದಳು. "ನೀನು ಹೇಳಿದ್ದಾ?" ತಲೆಯಾಡಿಸಿದೆ. "ನಿನಗೆ ಬೇಡವಾಯ್ತಾ?" ಎಂದಳು. ಬೇಕಿತ್ತು ಎಂದೆ. ಅಮ್ಮ ಬಾಗಿ ಸುತ್ತಿಗೆ ಎತ್ತಿಕೊಂಡಳು, ಸೆರಗನ್ನು ಸೊಂಟಕ್ಕೆ ಸಿಕ್ಕಿಸಿದಳು.

ಅಮ್ಮ ಬೀದಿಯಲ್ಲಿ ಸುತ್ತಿಗೆ ಹಿಡಿದು ನಡೆದದ್ದನ್ನು ನೋಡಿ ಬಾಗಿಲುಗಳಲ್ಲಿ ನಿಂತವರು ಕೊಡ ಎತ್ತಿಕೊಂಡು ಹಿಂದೆ ಬಂದರು. ಟ್ಯಾಂಕರಿನ ಕೆಳಗೆ ಅವಳು ತೆವಳಿದಾಗ ಇಮಾಂಸಾಬ್ ಈ ಸಲ ಏನೂ ಹೇಳಿಕೊಡಲಿಲ್ಲ. ಟಣ, ಟಣ, ಟಣ. ಮೆಲ್ಲಗೂ ಅಲ್ಲ, ಜೋರಾಗಿಯೂ ಅಲ್ಲ. ತಿಪ್ಪೇಶಿ ಕೀಲಿ ತಿರುಗಿಸಿದ. ಸ್ವಲ್ಪ ತಡೆದು, ಟಣ.

ಗಾಡಿ ಒಮ್ಮೆಲೇ ಗರ್ಜಿಸಿತು. ಹೊಗೆಯ ನಡುವಿನಿಂದ ಹೆಂಗಸರು ಕೊಡಗಳ ಸಮೇತ ಹಿಂದೆ ಸರಿದರು, ಮುದುಕನೊಬ್ಬ ಎರಡೂ ಕೈ ಎತ್ತಿ ಮುಗಿದ, ತಿಪ್ಪೇಶಿ ಹಾರ್ನ್ ಬಾರಿಸಿಯೇ ಬಾರಿಸಿದ. ಅಮ್ಮ ಹೊರಗೆ ಬಂದಾಗ ಅವಳ ಮುಖದ ಮೇಲೆ ಗೆಲುವೂ ಇರಲಿಲ್ಲ, ನಾಚಿಕೆಯೂ ಇರಲಿಲ್ಲ. ಯಾರೋ ಅವಳ ಹೆಸರು ಹಿಡಿದು ಕರೆದು, ಅವಳು ತಿರುಗಿ ನೋಡಿದಾಗ ಅಲ್ಲಿ ಯಾರೂ ಇಲ್ಲದಿದ್ದ ಹಾಗೆ ನಿಂತಿದ್ದಳು. ನನ್ನ ಎದೆಯಲ್ಲಿ ಏನೋ ಚುಚ್ಚಿತು. ಹೊಟ್ಟೆಕಿಚ್ಚೇ ಇರಬೇಕು. ಆದರೂ ನೀರು ತರಲು ಇಳಿಯುತ್ತಿದ್ದ ಟ್ಯಾಂಕರಿನ ಹಿಂಭಾಗ ತಿರುವಿನಲ್ಲಿ ಮರೆಯಾಗುವವರೆಗೆ ನೋಡುತ್ತಾ ನಿಂತೆ.

ಟ್ಯಾಂಕರು ಹೊರಟ ಮಾತ್ರಕ್ಕೆ ಕೆಲಸ ಮುಗಿಯಲಿಲ್ಲ. ಊರಿನ ಒಂದೊಂದು ಗಾಡಿಯನ್ನೂ ಅದೇ ಕೈ ಬಿಡಿಸಬೇಕು. ಇಮಾಂಸಾಬ್ ಮುಂದೆ, ಅಮ್ಮ ಹಿಂದೆ, ನಾನು ತಟ್ಟೆ ಹಿಡಿದು ಅವಳ ಹಿಂದೆ. ಬಸ್ಸು ಬಿಟ್ಟಿತು. ಒಡೆದ ಹಾಲಿನ ವ್ಯಾನು ಬಿಟ್ಟಿತು. ಆಟೋಗಳು ಬಿಟ್ಟವು. ಪ್ರತಿಯೊಬ್ಬ ಮಾಲೀಕನೂ "ಬೇಗ, ತಾಯಿ, ಬೇಗ" ಎನ್ನುವ ಮನಸ್ಸನ್ನು ಮುಖದಲ್ಲಿ ಅಡಗಿಸಿಕೊಂಡು ನಿಂತಿರುತ್ತಿದ್ದ, ಗಾಡಿ ಬಿಟ್ಟ ಕೂಡಲೇ ಕೈ ಮುಗಿದು ಹಾರಿ ಹೋಗುತ್ತಿದ್ದ. ಮಧ್ಯಾಹ್ನ ದಾಟಿತು. ಅಮ್ಮನ ಮುಂಗೈ ಊದಿಕೊಂಡಿತು. "ಸಾಕು, ನಾಳೆ ಮಾಡೋಣ" ಎಂದು ಇಮಾಂಸಾಬ್ ಎರಡು ಸಲ ಹೇಳಿದ. ಅಮ್ಮ ಕೇಳಲಿಲ್ಲ.

ಕೊನೆಗೆ ಉಳಿದದ್ದು ಪೋಸ್ಟ್‌ಮ್ಯಾನ್ ಜಂಬಣ್ಣನ ಮೊಪೆಡ್ಡು. ಅಂಚೆ ಕಚೇರಿಯ ಮೆಟ್ಟಿಲ ಪಕ್ಕ ಅದನ್ನು ನಿಲ್ಲಿಸಿಕೊಂಡು, ಕಾಗದದ ಚೀಲ ಹೆಗಲಿಗೆ ಹಾಕಿಕೊಂಡೇ ಅವನು ಕಾಯುತ್ತಿದ್ದ. ಇಮಾಂಸಾಬ್ ಪುಟ್ಟ ಸುತ್ತಿಗೆಯನ್ನು ಅಮ್ಮನಿಗೆ ಕೊಟ್ಟ. ಅಮ್ಮ ಅದನ್ನು ಹಿಡಿದುಕೊಂಡು ಮೆಟ್ಟಿಲ ಮೇಲೆ ಕೂತುಬಿಟ್ಟಳು. "ಒಂದು ನಿಮಿಷ ಕೂರ್ತೀನಿ ಜಂಬಣ್ಣ." ನಾನೂ ಪಕ್ಕದಲ್ಲಿ ಕೂತೆ. ಸ್ವಲ್ಪ ಹೊತ್ತಿನ ಮೇಲೆ ಅಮ್ಮ, ಊದಿದ ಕೈಯನ್ನು ತಿಕ್ಕಿಕೊಳ್ಳುತ್ತಾ, ನನ್ನ ಕಡೆ ನೋಡದೆ ಕೇಳಿದಳು:

"ಆ ಹುಡುಗಿ ಮೇಲೆ ಬಂದಳಾ?"

"ಯಾವ ಹುಡುಗಿ?"

"ಅದೇನೇ, ತನ್ನ ಹೆಸರು ಬಾವಿಯೊಳಗೆ ಬಿದ್ದೋಯ್ತು ಅಂತ ತರೋಕೆ ಇಳೀತಾಳಲ್ಲ, ಅವಳು. ಪಾತ್ರೆ ತೊಳೀತಾ ಗೋಡೆ ಈಚೆಯಿಂದ ಕೇಳಿಸ್ಕೊಳ್ತಿದ್ದೆ. ಪಾತ್ರೆ ಸದ್ದು ಮಾಡುತ್ತೆ ಅಂತ ತೊಳೆಯೋದು ನಿಲ್ಲಿಸಿ ಕೇಳ್ತಿದ್ದೆ. ಏಳನೇ ಮೆಟ್ಟಿಲಿಗೆ ಬರೋ ಹೊತ್ತಿಗೆ ನೀನು ನಿದ್ದೆ ಹೋಗಿಬಿಡ್ತಿದ್ದೆ. ಅವರು ಅಲ್ಲಿಗೇ ನಿಲ್ಲಿಸ್ತಿದ್ರು. ಒಂದೊಂದ್ಸಲ ಅನ್ನಿಸ್ತಿತ್ತು, ಗೋಡೆ ತಟ್ಟಿ ಕೇಳಿಬಿಡ್ಲಾ, ಆಮೇಲೇನಾಯ್ತು ಅಂತ." ಅಮ್ಮ ಸ್ವಲ್ಪ ನಕ್ಕಳು. "ಕೇಳಲಿಲ್ಲ. ಮಿಕ್ಕಿದ್ದನ್ನ ನಿನಗೆ ಬೆಳಿಗ್ಗೆ ಹೇಳಿರ್ತಾರೆ ಅಂದ್ಕೊಂಡೆ. ಹೇಳು, ಬಂದಳಾ ಮೇಲೆ?"

ಹೇಳಲು ಬಾಯಿ ತೆರೆದೆ. ನನ್ನಲ್ಲಿ ಉತ್ತರಗಳಿಗೆ ಕೊರತೆಯಿರಲಿಲ್ಲ. ನಿದ್ದೆಯಿಂದ ಎದ್ದ ಬೆಳಿಗ್ಗೆಗಳಲ್ಲಿ ಆ ಹುಡುಗಿಯನ್ನು ನಾನು ಚಿನ್ನದ ಮೀನಿನ ಮೇಲೆ ಕೂರಿಸಿ ತಂದಿದ್ದೆ, ಹಗ್ಗ ಹಾಕಿ ಎತ್ತಿದ್ದೆ, ಬಾವಿಯ ಕೆಳಗಿನ ರಾಜ್ಯಕ್ಕೆ ರಾಣಿಯನ್ನಾಗಿಯೂ ಮಾಡಿದ್ದೆ. ಎಲ್ಲವನ್ನೂ ನಾನೇ ಮಾಡಿದ್ದೆ. ಅಜ್ಜಿಯ ಹುಡುಗಿ ಏನಾದಳೆಂದು ಒಂದು ದಿನವೂ ಅಜ್ಜಿಯನ್ನು ಕೇಳಿರಲಿಲ್ಲ. ಹತ್ತೊಂಬತ್ತು ವರ್ಷ ಅವಳ ಮಗ್ಗುಲಲ್ಲಿ ಮಲಗಿದ್ದೆ, ಕೈ ಚಾ‍ಚಿದರೆ ಸಿಗುವಷ್ಟು ಹತ್ತಿರ.

"ಗೊತ್ತಿಲ್ಲಮ್ಮ," ಎಂದೆ.

"ಗೊತ್ತಿಲ್ವಾ?"

"ಕೇಳಲಿಲ್ಲ."

ಅಮ್ಮ ನನ್ನನ್ನೇ ನೋಡಿದಳು. ಅವಳ ಬಳಿಯೂ ಅರ್ಧ, ನನ್ನ ಬಳಿಯೂ ಅರ್ಧ, ಅದೂ ಅದೇ ಅರ್ಧ. ಮಿಕ್ಕಿದ್ದನ್ನು ಬಲ್ಲವರು ಇಡೀ ಲೋಕದಲ್ಲಿ ಒಬ್ಬರೇ ಇದ್ದರು. ಆ ಹುಡುಗಿ ಈಗ ಏಳನೆಯ ಮೆಟ್ಟಿಲ ಮೇಲೆ, ಕತ್ತಲೆಯಲ್ಲಿ, ಒಂದು ಕಾಲು ಕೆಳಗಿಟ್ಟು ನಿಂತುಬಿಟ್ಟಳು. ಅವಳನ್ನು ಇಳಿಸುವವರೂ ಇಲ್ಲ, ಹತ್ತಿಸುವವರೂ ಇಲ್ಲ. ಆಗ ನನ್ನೊಳಗಿನಿಂದ ಒಂದು ಸದ್ದು ಬಂತು. ಅದು ನನ್ನದೆಂದು ನನಗೇ ಗುರುತು ಸಿಗಲಿಲ್ಲ. ಕಣ್ಣ ಮುಂದೆ ಯಾವ ಚಿತ್ರವೂ ಬರಲಿಲ್ಲ. ಗ್ರೀಸು ಮೆತ್ತಿದ ಅಮ್ಮನ ಕೈ ನನ್ನ ತಲೆಯನ್ನು ಅವಳ ತೊಡೆಗೆ ಎಳೆದುಕೊಂಡಿತು.

ಎಷ್ಟು ಹೊತ್ತು ಹಾಗಿದ್ದೆವೋ. ಇಮಾಂಸಾಬ್ ತಟ್ಟೆಯನ್ನು ಮೆಟ್ಟಿಲ ಮೇಲೆ ಬಿಟ್ಟು, ದೂರ ಹೋಗಿ ಬೀಡಿ ಹಚ್ಚಿಕೊಂಡ. ಪುಟ್ಟ ಸುತ್ತಿಗೆ ನಮ್ಮಿಬ್ಬರ ನಡುವೆ ಬಿದ್ದಿತ್ತು. ಯಾರೂ ಅದನ್ನು ಎತ್ತಿಕೊಳ್ಳಲಿಲ್ಲ. ಜಂಬಣ್ಣ ಒಮ್ಮೆ ತನ್ನ ಮೊಪೆಡ್ಡನ್ನು ನೋಡಿದ, ಒಮ್ಮೆ ನಮ್ಮನ್ನು ನೋಡಿದ. ಆಮೇಲೆ ಕೀಲಿಯನ್ನು ಜೇಬಿಗೆ ಹಾಕಿಕೊಂಡು, ಚೀಲವನ್ನು ಹೆಗಲ ಮೇಲೆ ಸರಿಮಾಡಿಕೊಂಡು, "ಇರ್ಲಿ ಬಿಡ್ರವ್ವ, ಇವತ್ತು ನಡ್ಕೊಂಡೇ ಹಂಚ್ತೀನಿ," ಎಂದು ಬಂಡೆಯ ದಾರಿಯಲ್ಲಿ ಇಳಿದು ಹೋದ.